ಹಳದಿ ಚೀಟಿಯ ಕೊನೆಯ ಸಾಲು

ಜಪಾನಿನ ಹಮಾಮತ್ಸುವಿನಲ್ಲಿ ನಾನು ಕೆಲಸ ಮಾಡುವ ಹೋಟೆಲು ಮಧ್ಯಾಹ್ನ ಎರಡೂವರೆಗೆ ಬಾಗಿಲು ಹಾಕಿ ಐದಕ್ಕೆ ಮತ್ತೆ ತೆಗೆಯುತ್ತದೆ. ಆ ನಡುವಿನ ಹೊತ್ತಿನಲ್ಲಿ ನಾವು ಅಡುಗೆಯವರು ಹಿಟ್ಟು ನಾದಿಡುತ್ತೇವೆ, ಈರುಳ್ಳಿ ಹೆಚ್ಚುತ್ತೇವೆ, ಸಾಧ್ಯವಾದರೆ ಅಕ್ಕಿ ಮೂಟೆಗೆ ಒರಗಿ ಅರ್ಧ ಗಂಟೆ ಕಣ್ಣು ಮುಚ್ಚುತ್ತೇವೆ. ದಾವಣಗೆರೆಯಲ್ಲಿ ದೋಸೆ ಕಾವಲಿಯ ಮುಂದೆ ಕೆಲಸ ಕಲಿತವನು ನಾನು. ಇಲ್ಲಿಗೆ ಬಂದ ಮೇಲೆ ತಂದೂರ್ ಒಲೆಯ ಮುಂದೆ ನಿಂತಿದ್ದೇನೆ. ಜಪಾನಿನವರಿಗೆ ಭಾರತದ ಊಟ ಎಂದರೆ ತಟ್ಟೆಯಿಂದ ಹೊರಗೆ ಚಾಚುವಷ್ಟು ಉದ್ದದ ನಾನ್. "ನಿಮ್ಮ ಮನೆಯಲ್ಲೂ ದಿನಾ ಇದೇನಾ?" ಎಂದು ಗಿರಾಕಿಗಳು ಕೇಳುತ್ತಾರೆ. ಮನೆಯಲ್ಲಿ ಜೋಳದ ರೊಟ್ಟಿ ತಿನ್ನುತ್ತೇವೆ ಎಂದು ವಿವರಿಸುವಷ್ಟು ಭಾಷೆ ಬಹಳ ವರ್ಷ ನನಗಿರಲಿಲ್ಲ. ಹೌದು ಎಂದು ತಲೆ ಆಡಿಸಿ ಮುಂದಿನ ಉಂಡೆಗೆ ಕೈ ಹಾಕುತ್ತಿದ್ದೆ.

ಕೊರೊನಾ ಬಂದ ವರ್ಷ ಒಳಗೆ ಕೂತು ಉಣ್ಣುವವರು ಇಲ್ಲವಾದರು. ಮೋಟರ್‌ಸೈಕಲ್ ಕಾರ್ಖಾನೆಗಳ ಇಂಜಿನಿಯರುಗಳು, ಅವರಲ್ಲಿ ನಮ್ಮ ಕಡೆಯವರೂ ಹಲವರು, ಮಧ್ಯಾಹ್ನ ಬಂದು ಡಬ್ಬಿ ಕಟ್ಟಿಸಿಕೊಂಡು ಹೋಗುತ್ತಿದ್ದರು. ಅಷ್ಟುದ್ದದ ನಾನ್ ಅನ್ನು ನಾಲ್ಕು ಮಡಿಕೆ ಮಾಡಿ ಡಬ್ಬಿಗೆ ತುರುಕುವಾಗ ನನಗೆ ಸೀರೆ ಮಡಿಸಿದ ಹಾಗೆ ಅನ್ನಿಸುತ್ತಿತ್ತು. ಸಂಜೆಯ ವ್ಯಾಪಾರ ಬೇಗ ಮುಗಿಸಬೇಕೆಂದು ಸರ್ಕಾರ ಹೇಳಿತು. ಹದಿಮೂರನೇ ವಯಸ್ಸಿನಿಂದ ದುಡಿಯುತ್ತಿರುವ ನನ್ನ ಕೈ ಮೊದಲ ಸಲ ಖಾಲಿಯಾಗಿತ್ತು.

ಕೆಲಸ ಕಡಿಮೆಯಾದಷ್ಟೂ ಕಾಗದಗಳು ಹೆಚ್ಚಾದವು. ಶಾಲೆಯಿಂದ, ವಾರ್ಡ್ ಕಚೇರಿಯಿಂದ, ನಗರಸಭೆಯಿಂದ. ಮೂರನೇ ತರಗತಿಯ ನನ್ನ ಮಗಳೇ ಅವನ್ನು ಓದಿ ಹೇಳುತ್ತಿದ್ದಳು. ಜಪಾನಿಯಲ್ಲಿ ಸಾವಿರಾರು ಅಕ್ಷರ, ಶಾಲೆಯಲ್ಲಿ ವರ್ಷಕ್ಕೆ ಇಷ್ಟೆಂದು ಕಲಿಸುತ್ತಾರೆ. ಒಂದು ಸಂಜೆ ಅವಳು ಒಂದು ಕಾಗದವನ್ನು ಹಿಂದೆ ಮುಂದೆ ತಿರುಗಿಸಿ, ಇದರಲ್ಲಿ ಅರ್ಧ ಅಕ್ಷರ ನಮಗಿನ್ನೂ ಕಲಿಸಿಲ್ಲ ಎಂದು ಜಪಾನಿಯಲ್ಲೇ ಹೇಳಿ ನನ್ನ ಕೈಗೆ ವಾಪಸು ಕೊಟ್ಟಳು. ನನ್ನ ಹೆಂಡತಿ ಒಗೆದ ಬಟ್ಟೆ ಮಡಿಸುತ್ತ, "ಅಪ್ಪನಿಗೂ ಕಲಿಸಿಲ್ಲ ಬಿಡು" ಎಂದಳು. ತಮಾಷೆಗೇ ಹೇಳಿದ್ದು. ಆದರೂ ಮರುವಾರ ನಾನು ಸೈಕಲ್ ಹತ್ತಿ, ನಮ್ಮ ಬಡಾವಣೆಯ ಸಾರ್ವಜನಿಕ ಭವನದಲ್ಲಿ ನಡೆಯುತ್ತಿದ್ದ ಜಪಾನಿ ತರಗತಿಗೆ ಹೋಗಿ ಹೆಸರು ಬರೆಸಿದೆ.

ಮಂಗಳವಾರ, ಗುರುವಾರ, ಮಧ್ಯಾಹ್ನ ಮೂರರಿಂದ ನಾಲ್ಕೂವರೆ. ನನಗೆಂದೇ ಇಟ್ಟ ಹಾಗಿತ್ತು. ಪಾಠ ಹೇಳುವವರು ನಿವೃತ್ತರಾದ ಹಿರಿಯರು. ಪರೀಕ್ಷೆ ಇಲ್ಲ, ಅಂಕ ಇಲ್ಲ, ಪಾಸಿಲ್ಲ, ಫೇಲಿಲ್ಲ, ಕೊನೆಗೊಂದು ಸರ್ಟಿಫಿಕೇಟೂ ಇಲ್ಲ. ಬಂದಷ್ಟು ದಿನ ಬರಬಹುದು, ಕಲಿತಷ್ಟು ಕಲಿಯಬಹುದು. ಶಾಲೆ ಎಂದರೆ ಹೀಗಿದ್ದಿದ್ದರೆ ನಾನು ಬಿಡುತ್ತಲೇ ಇರಲಿಲ್ಲವೇನೋ. ಬಾಗಿಲಲ್ಲಿ ಹಣೆಗೆ ಯಂತ್ರ ಹಿಡಿದು ಜ್ವರ ನೋಡುತ್ತಿದ್ದರು. ಒಳಗೆ ಮೇಜಿಗೊಬ್ಬರು, ನಡುವೆ ಪ್ಲಾಸ್ಟಿಕ್ ಪರದೆ. ಚಳಿಗಾಲದಲ್ಲೂ ಕಿಟಕಿ ತೆರೆದೇ ಇರಬೇಕು. ಈ ಕಡೆಯ ಒಣ ಗಾಳಿ ಒಳನುಗ್ಗಿ ಪುಸ್ತಕದ ಹಾಳೆಗಳನ್ನು ನಮಗಿಂತ ಬೇಗ ತಿರುಗಿಸುತ್ತಿತ್ತು.

ತರಗತಿಯ ಪಕ್ಕದಲ್ಲಿ ಇನ್ನೆರಡು ಅನುಕೂಲಗಳಿದ್ದವು. ಒಂದು, ಪುಟ್ಟ ಮಕ್ಕಳ ಕೋಣೆ. ತಾಯಂದಿರು ಪಾಠ ಕೇಳುವಾಗ ಇಬ್ಬರು ಹೆಂಗಸರು ಅಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು. ಇನ್ನೊಂದು, ಬಾಗಿಲ ಬಳಿಯ ಮೇಜು. ಅದರ ಹಿಂದೆ ಐವತ್ತು ದಾಟಿದ ಒಬ್ಬ ಹೆಂಗಸು ಕೂರುತ್ತಿದ್ದರು. ಕಾಗದ ತಂದರೆ ಓದಿ ಹೇಳುವುದು, ಅರ್ಜಿ ತುಂಬಿಸುವುದು, ಆಸ್ಪತ್ರೆಗೆ ಫೋನು ಮಾಡುವುದು, ಬೇಕಾದರೆ ಜೊತೆಗೇ ಬರುವುದು, ಎಲ್ಲ ಅವರದೇ. ಇಂಥ ಮೇಜನ್ನು ಜಪಾನಿಯಲ್ಲಿ ಕಿಟಕಿ ಎಂದೇ ಕರೆಯುತ್ತಾರೆ. ಹಾಗಾಗಿ ನಾವು ಕನ್ನಡದವರು ನಮ್ಮಲ್ಲೇ ಅವರಿಗೆ ಕಿಟಕಿ-ಸಾನ್, ಅಂದರೆ ಕಿಟಕಿಯವರು, ಎಂದು ಹೆಸರಿಟ್ಟುಕೊಂಡಿದ್ದೆವು.

ಈ ಕೋಣೆಗೂ ಮೇಜಿಗೂ ಹಣ ಕೊಡುವುದು ನಗರಸಭೆ, ಅದೂ ವರ್ಷದಿಂದ ವರ್ಷಕ್ಕೆ. ಅಂಕವಿಲ್ಲದ ತರಗತಿಯಿಂದ ಯಾರಿಗೆ ಏನಾಯಿತು ಎಂದು ಅವರಿಗೆ ತಿಳಿಯುವುದು ಹೇಗೆ? ಅದಕ್ಕೊಂದು ಹಳದಿ ಚೀಟಿ. ಪ್ರತಿ ತರಗತಿಯ ಕೊನೆಗೆ ನಾವೇ ಹೆಸರು, ತಾರೀಕು ಬರೆದು, ಆ ದಿನ ಯಾವ ನೆರವು ಪಡೆದೆವೋ ಅದಕ್ಕೆ ಸುತ್ತು ಹಾಕಬೇಕು. ಮಕ್ಕಳ ಕೋಣೆ, ಕಾಗದ ಓದಿಸಿದ್ದು, ಆಸ್ಪತ್ರೆ, ಟ್ಯಾಬ್ಲೆಟ್ ಕಂಪ್ಯೂಟರಿನ ಎರವಲು, ಹೀಗೆ ಏಳೆಂಟು ಸಾಲು. ಕೊನೆಯ ಸಾಲು: ಏನೂ ಇಲ್ಲ.

ಮೊದಲ ದಿನದಿಂದಲೂ ನಾನು ಕೊನೆಯ ಸಾಲಿಗೇ ಸುತ್ತು ಹಾಕಿದೆ.

ಪಡೆಯಲಿಲ್ಲವೆಂದಲ್ಲ. ಕೆಲಸ ಕಡಿಮೆಯಾದವರಿಗೆ ಸರ್ಕಾರ ಕೊಟ್ಟ ನೆರವಿನ ಅರ್ಜಿಯನ್ನು ಅಕ್ಷರ ಅಕ್ಷರವಾಗಿ ನನ್ನಿಂದ ಬರೆಸಿದವರು ಕಿಟಕಿ-ಸಾನ್. ಲಸಿಕೆಯ ಕಾಗದ ಬಂದಾಗ ನನಗೂ ನನ್ನ ಹೆಂಡತಿಗೂ ದಿನ ಗೊತ್ತು ಮಾಡಿಸಿದವರು ಅವರೇ. ಸೋಂಕು ಹೆಚ್ಚಾಗಿ ತರಗತಿ ನಿಂತ ವಾರಗಳಲ್ಲಿ ಆನ್‌ಲೈನ್ ಪಾಠಕ್ಕೆಂದು ನನಗೊಂದು ಟ್ಯಾಬ್ಲೆಟ್ ಕೊಟ್ಟರು. ಹೋಟೆಲಿನ ಉಗ್ರಾಣದಲ್ಲಿ ಈರುಳ್ಳಿ ಚೀಲಗಳ ನಡುವೆ ಕೂತು ನಾನು ಪಾಠ ಕೇಳಿದೆ. ಹಿಂದೆ ಕಾಣುತ್ತಿದ್ದ ಕೆಂಪು ಚೀಲಗಳನ್ನು ನೋಡಿ, ಹಿಂದೆ ಕಟ್ಟಿದ ಪರದೆ ಬಹಳ ಚೆನ್ನಾಗಿದೆ ಎಂದು ನಮ್ಮ ಮುದುಕ ಮೇಷ್ಟ್ರು ಹೊಗಳಿದ್ದರು. ಇಷ್ಟೆಲ್ಲ ಪಡೆದೂ ಚೀಟಿಯಲ್ಲಿ ಏನೂ ಇಲ್ಲ.

ಕಾರಣ ಹೇಳಿಬಿಡುತ್ತೇನೆ. ನಾನು ಓದಿದ ಶಾಲೆಯಲ್ಲಿ ಬಿಟ್ಟಿ ಸಮವಸ್ತ್ರ ಬಂದಾಗ, ಬೆಳಗಿನ ಪ್ರಾರ್ಥನೆಯಲ್ಲಿ ಪಡೆಯುವವರ ಹೆಸರು ಕೂಗಿ ಮುಂದೆ ನಿಲ್ಲಿಸುತ್ತಿದ್ದರು. ಪುಸ್ತಕದಲ್ಲಿ ಸಹಿ ಮಾಡಿ ಬಟ್ಟೆ ತೆಗೆದುಕೊಳ್ಳಬೇಕು. ಏಳನೇ ತರಗತಿಯಲ್ಲಿ ನನ್ನ ಹೆಸರು ಕೂಗಿದರು. ನಾನು ಸಾಲಿನಿಂದ ಅಲುಗಲಿಲ್ಲ. ಇನ್ನೊಮ್ಮೆ ಕೂಗಿದರು. ಆ ತಿಂಗಳು ಮುಗಿಯುವುದರೊಳಗೆ ಶಾಲೆ ಬಿಟ್ಟು ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದೆ. ದುಡಿದು ತಿನ್ನುವವನ ಹೆಸರು ಪಡೆಯುವವರ ಪಟ್ಟಿಯಲ್ಲಿ ಇರಬಾರದು ಎಂಬುದು ಅಂದೇ ನನ್ನೊಳಗೆ ಗಟ್ಟಿಯಾಯಿತು. ಇಲ್ಲಿ ಇನ್ನೊಂದು ಲೆಕ್ಕಾಚಾರವೂ ಸೇರಿಕೊಂಡಿತು. ನಾವು ಪರದೇಶದವರು, ಹೆಚ್ಚು ಭಾರವಾದರೆ ನಾಳೆ ಇವರೇ ಸಾಕು ಹೋಗಿ ಎಂದಾರು. ಏನೂ ಇಲ್ಲ ಎಂದು ಬರೆದರೆ ತರಗತಿಗೇ ಒಳ್ಳೆಯದು. ಹಾಗೆಂದು ನಾನು ಮನಸಾರೆ ನಂಬಿದ್ದೆ.

ನಂಬಿದ್ದನ್ನು ನನ್ನಲ್ಲೇ ಇಟ್ಟುಕೊಂಡಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು. ನಮ್ಮ ಕಡೆಯವರಲ್ಲಿ ಆ ತರಗತಿಗೆ ಮೊದಲು ಹೋದವನು ನಾನು. ನನ್ನ ಹಿಂದೆ ಬಂದವರೆಲ್ಲ, ಚೀಟಿ ತುಂಬುವುದು ಹೇಗೆ ಎಂದು ನನ್ನನ್ನೇ ಕೇಳುತ್ತಿದ್ದರು. ನಮ್ಮ ಅಡುಗೆಮನೆಯ ನೇಪಾಳಿ ಸಹೋದ್ಯೋಗಿಗೆ ಹೇಳಿದೆ, ಕಾರ್ಖಾನೆ ಇಂಜಿನಿಯರುಗಳ ಹೆಂಡತಿಯರು ನಾಲ್ವರಿಗೆ ಹೇಳಿದೆ. ಅವರಲ್ಲಿ ಕೊನೆಗೆ ಬಂದವಳು ಮೈಸೂರಿನ ಹುಡುಗಿ. ಒಂದೂವರೆ ವರ್ಷದ ಮಗುವಿನ ತಾಯಿಯನ್ನು ಹುಡುಗಿ ಎನ್ನುವುದು ಸರಿಯಲ್ಲ, ಆದರೆ ನನಗೆ ಹಾಗೇ ರೂಢಿಯಾಗಿದೆ.

ಅವಳು ಮದುವೆಯಾಗಿ ಇಲ್ಲಿಗೆ ಬಂದ ಕೆಲವೇ ವಾರಗಳಲ್ಲಿ ಎಲ್ಲ ಮುಚ್ಚಿಕೊಂಡಿತ್ತು. ಹೆರಿಗೆಗೆ ತವರಿನಿಂದ ಯಾರೂ ಬರಲಾಗಲಿಲ್ಲ. ಗಂಡ ಬೆಳಿಗ್ಗೆ ಹೋದರೆ ಮತ್ತೆ ಮನುಷ್ಯರ ಧ್ವನಿ ಕೇಳುವುದು ಸಂಜೆಗೆ. "ಅಣ್ಣಾ, ನಾನು ಕೊಂಬಿನಿ ಅಂಗಡಿಗೆ ಹೋಗಿ ಬೇಕೂಂತ್ಲೆ ಚಿಲ್ಲರೆ ಎಣಿಸ್ತಾ ನಿಲ್ತಿದ್ದೆ ಗೊತ್ತಾ, ಆ ಕ್ಯಾಶಿಯರ್ ಏನಾದ್ರೂ ಎರಡು ಮಾತು ಆಡ್ಲಿ ಅಂತ" ಎಂದು ಒಮ್ಮೆ ನಗುತ್ತ ಹೇಳಿದ್ದಳು. ಮಕ್ಕಳ ಕೋಣೆ ಇದ್ದುದರಿಂದಲೇ ಅವಳು ತರಗತಿಗೆ ಬರಲು ಆಗುತ್ತಿದ್ದದ್ದು. ಅವಳಿಗೂ ನಾನು ಹೇಳಿದ್ದೆ: "ಕೊನೇದಕ್ಕೆ ಸುತ್ತು ಹಾಕಮ್ಮ. ಉಪಕಾರ ಮನಸ್ಸಲ್ಲಿರಬೇಕು, ಕಾಗದದಾಗೆ ಯಾಕೆ?"

ಎರಡನೇ ಚಳಿಗಾಲ, ಫೆಬ್ರವರಿಯ ಒಂದು ಗುರುವಾರ. ಪಾಠ ಮುಗಿದ ಮೇಲೆ ಕಿಟಕಿ-ಸಾನ್ ನನ್ನನ್ನೂ ಮೈಸೂರಿನ ಹುಡುಗಿಯನ್ನೂ ಮೇಜಿನ ಬಳಿ ಕೂರಿಸಿದರು. ಎರಡು ಸಲ ತಲೆ ಬಾಗಿಸಿದರು. ನಮಗೆ ಅರ್ಥವಾಗುವಂತೆ ನಿಧಾನವಾಗಿ ಹೇಳಿದರು: "ಏಪ್ರಿಲ್‌ನಿಂದ ತರಗತಿ ಇರುತ್ತದೆ. ಮಕ್ಕಳ ಕೋಣೆ ಇರುವುದಿಲ್ಲ. ಈ ಮೇಜೂ ಇರುವುದಿಲ್ಲ. ತಿಂಗಳು ತಿಂಗಳು ಕಳಿಸಿದ ಲೆಕ್ಕ ನೋಡಿ, ಬಳಸುವವರು ಕಡಿಮೆ ಎಂದು ನಗರಸಭೆಯ ಅಭಿಪ್ರಾಯ. ಸುಮಿಮಾಸೆನ್, ಕ್ಷಮಿಸಿ."

ಹುಡುಗಿ ಎದೆಗೆ ಕಟ್ಟಿಕೊಳ್ಳುತ್ತಿದ್ದ ಮಗುವನ್ನು ಮತ್ತೆ ಬಿಚ್ಚಿ ತೊಡೆಯ ಮೇಲೆ ಕೂರಿಸಿಕೊಂಡಳು. ನನಗೆ ಸಿಟ್ಟು ಬಂತು. ಬಂದಷ್ಟು ಜಪಾನಿಯಲ್ಲಿ, "ಯಾರು ಹೇಳಿದರು ಕಡಿಮೆ ಎಂದು? ನಾನೇ ಎಷ್ಟು ಸಲ ಇಲ್ಲಿ ಕೂತಿದ್ದೇನೆ" ಎಂದೆ.

ಅವರು ಒಂದು ಪೆಟ್ಟಿಗೆಯಿಂದ ಹಳದಿ ಚೀಟಿಗಳ ಕಟ್ಟು ತೆಗೆದು ನನ್ನ ಮುಂದಿಟ್ಟರು. ನನ್ನ ಅಕ್ಷರ. ಒಂದರ ಕೆಳಗೊಂದು, ಕೊನೆಯ ಸಾಲಿಗೆ ದುಂಡಗಿನ ಸುತ್ತು. ಕೆಳಗೆ ನೇಪಾಳಿಯದು, ಅದರ ಕೆಳಗೆ ಉಳಿದವರದು. ತರಗತಿಯಲ್ಲಿ ನಾವೇ ಅರ್ಧಕ್ಕಿಂತ ಹೆಚ್ಚು.

"ನೀವು ನೋಡುತ್ತಿದ್ದಿರಲ್ಲ, ಯಾಕೆ ತಿದ್ದಲಿಲ್ಲ?" ಎಂದೆ.

"ಚೀಟಿ ಕಲಿಯುವವರದು. ನಾನು ಅದರ ಮೇಲೆ ಪೆನ್ನು ಇಡುವ ಹಾಗಿಲ್ಲ" ಎಂದರು. ಕಟ್ಟಿನ ಅಂಚು ಸರಿಪಡಿಸುತ್ತ, "ಕೆಲವು ದಿನ ಯೋಚಿಸಿದೆ. ನಾನು ಮಾಡಿದ್ದು ನಿಮಗೆ ನೆರವು ಅಂತ ಅನ್ನಿಸಲಿಲ್ಲವೇನೋ ಅಂದುಕೊಂಡೆ" ಎಂದರು.

ಅವರ ಧ್ವನಿಯಲ್ಲಿ ದೂರು ಇರಲಿಲ್ಲ. ದೂರಿದ್ದರೆ ನಾನು ಜಗಳಕ್ಕೆ ನಿಲ್ಲಬಹುದಿತ್ತು. ಮೂರು ದಶಕ ನಾನು ಜನರಿಗೆ ಬಡಿಸಿದ್ದೇನೆ. ಉಂಡವನು ತಟ್ಟೆ ಖಾಲಿ ಮಾಡಿ ಕೈ ತೊಳೆದು, ನಾನೇನೂ ತಿನ್ನಲಿಲ್ಲ ಎಂದು ಬರೆದಿಟ್ಟು ಹೋದರೆ ನನಗೆ ಹೇಗಾದೀತು? ಆ ಮಾತು ಆಗಲೇ ಹೊಳೆಯಿತು, ಅದಕ್ಕೆ ಮೊದಲು ಹೊಳೆದಿರಲಿಲ್ಲ.

ತಿದ್ದಲು ದಾರಿ ಇದೆಯೇ ಎಂದು ಕೇಳಿದೆ. ಇತ್ತು. ಬರೆದವರೇ ತಿದ್ದಬೇಕು. ತಪ್ಪಿನ ಮೇಲೆ ಎರಡು ಗೆರೆ ಎಳೆದು, ಆ ಗೆರೆಯ ಮೇಲೆ, ಇಲ್ಲಿ ಸಹಿಯ ಬದಲು ಬಳಸುವ, ಹೆಸರು ಕೆತ್ತಿದ ಸ್ವಂತ ಮೊಹರು ಒತ್ತಬೇಕು. ಅಳಿಸುವ ಹಾಗಿಲ್ಲ, ಹೊಸ ಚೀಟಿ ಬರೆಯುವ ಹಾಗಿಲ್ಲ. ಕೊನೆಯ ತೀರ್ಮಾನಕ್ಕೆಂದು ಮುಂದಿನ ಮಂಗಳವಾರ ನಗರಸಭೆಯವರು ಬಂದು ಚೀಟಿಗಳನ್ನು ಒಯ್ಯುತ್ತಾರೆ, ಅಷ್ಟರೊಳಗೆ ಆಗಬೇಕು.

ಸೋಮವಾರ ಹೋಟೆಲಿಗೆ ರಜೆ. ಮಾಲೀಕರನ್ನು ಕೇಳಿ ಎಲ್ಲರನ್ನೂ ಅಲ್ಲಿಗೇ ಕರೆದೆ. ಕಿಟಕಿಗಳನ್ನೆಲ್ಲ ತೆರೆದು, ಮೇಜಿಗೊಬ್ಬರಂತೆ ಕೂರಿಸಿ, ಟೀ ಕೊಟ್ಟು ಮೆಣಸಿನಕಾಯಿ ಬಜ್ಜಿ ಕರಿದಿಟ್ಟೆ. ಬರಿ ಮಾತಿನಿಂದ ಶುರು ಮಾಡುವುದು ನನ್ನಿಂದಾಗುತ್ತಿರಲಿಲ್ಲ. ಎಲ್ಲರೂ ಒಂದೊಂದು ತಿಂದ ಮೇಲೆ ನಡೆದದ್ದನ್ನು ಹೇಳಿದೆ. ಹೇಳಿ, "ತಪ್ಪು ನಂದೇ. ನಾನು ಹೇಳಿದ್ದಕ್ಕೇ ನೀವು ಹಂಗೆ ಬರೆದ್ರಿ" ಎಂದೆ. ಹೆಂಡತಿಯ ಮುಂದೆಯೂ ಆ ಮಾತನ್ನು ನಾನು ಸುಲಭಕ್ಕೆ ಆಡಿದವನಲ್ಲ.

"ಏನ್ ಕಾನ್ಫಿಡೆನ್ಸಲ್ಲಿ ಹೇಳಿದ್ರಿ ಅಣ್ಣಾ ನೀವು" ಎಂದಳು ಮೈಸೂರಿನ ಹುಡುಗಿ. "ನಾನು ಸಿಟಿ ಆಫೀಸ್ ರೂಲೇ ಹಂಗಿದೆ ಅನ್ಕೊಂಡಿದ್ದೆ."

"ನನಗೂ ಹಂಗೇ ಹೇಳಿದ್ದು" ಎಂದ ನೇಪಾಳಿ, ಹಿಂದಿಯಲ್ಲಿ. "ಉಪ್ಪು ಎಷ್ಟು ಅಂತ ಹೇಳೋ ಧ್ವನಿಯಲ್ಲೇ ಹೇಳಿದ. ಉಪ್ಪಿನ ವಿಷಯದಲ್ಲಿ ಅವನು ತಪ್ಪೋದಿಲ್ಲ, ಅದಕ್ಕೆ ನಂಬಿದೆ."

ಎಲ್ಲರೂ ನಕ್ಕರು. ನಾನೂ ಬಾಣಲೆ ಕಡೆ ತಿರುಗಿ ನಕ್ಕೆ.

ಯಾವ ದಿನ ಯಾವ ನೆರವು ಪಡೆದೆವು ಎಂದು ಹುಡುಕುವುದು ದೊಡ್ಡ ಕೆಲಸವಾಯಿತು. ನನ್ನ ಫೋನಿನಲ್ಲಿ ನಾನು ಓದಿಸಿದ ಒಂದೊಂದು ಕಾಗದದ ಚಿತ್ರವೂ ತಾರೀಕಿನೊಂದಿಗೆ ಇತ್ತು. ನೇಪಾಳಿ ಹಲ್ಲಿನ ಆಸ್ಪತ್ರೆಯ ರಸೀದಿಗಳನ್ನು ತಂದಿದ್ದ. ಮೈಸೂರಿನ ಹುಡುಗಿಯ ಹತ್ತಿರ ಏನೂ ಇರಲಿಲ್ಲ.

"ಎಲ್ಲಾದಕ್ಕೂ ಹಾಕ್ಬಿಡ್ಲಾ ಅಣ್ಣಾ? ಹೆಂಗಿದ್ರೂ ಪಾಪುನ ಬಿಟ್ಟೇ ಕೂತಿರ್ತೀನಿ."

"ಪಾಪುಗೆ ಜ್ವರ ಬಂದು ಗಂಡ ಮನೇಲಿಟ್ಕೊಂಡಿದ್ದ ದಿನಗಳು? ಒಂದ್ಸಲ ಸುಳ್ಳು ಬರೆದಿದ್ದೀವಿ, ಈಗ ಇನ್ನೊಂದು ಬ್ಯಾಡ" ಎಂದೆ. "ಗೊತ್ತಿಲ್ಲದ್ದನ್ನ ಹಂಗೇ ಬಿಡು."

ಆಗ ಅವಳಿಗೇ ನೆನಪಾಯಿತು. ಮಕ್ಕಳ ಕೋಣೆಯ ಹೆಂಗಸರು ಸೋಂಕಿನ ಭಯಕ್ಕೆ ಒಳಗೆ ಬಂದ ಪ್ರತಿ ಮಗುವಿನ ಜ್ವರ ಅಳೆದು ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಅದು ಆರೋಗ್ಯ ಇಲಾಖೆಗೆ ಇಟ್ಟ ಪುಸ್ತಕ, ನೆರವಿನ ಲೆಕ್ಕಕ್ಕೆ ಯಾರೂ ನೋಡುತ್ತಿರಲಿಲ್ಲ. ಕಿಟಕಿ-ಸಾನ್‌ಗೆ ಫೋನು ಮಾಡಿದೆವು. ಅರ್ಧ ಗಂಟೆಯಲ್ಲಿ ಅವರು ಆ ಮಗುವಿನ ದಿನಗಳನ್ನೆಲ್ಲ ಒಂದೊಂದಾಗಿ ಓದಿ ಹೇಳಿದರು, ಜೊತೆಗೆ ಜ್ವರ ಎಷ್ಟಿತ್ತೆಂದೂ.

ಇನ್ನು ಮೊಹರು. ನನ್ನದು ಬ್ಯಾಂಕಿನ ಖಾತೆಗೆಂದು ಮಾಡಿಸಿದ್ದು ಇತ್ತು. ಮೈಸೂರಿನ ಹುಡುಗಿಯ ಮನೆಯಲ್ಲಿ ಇದ್ದದ್ದು ಗಂಡನದು ಮಾತ್ರ. ನೂರು ಯೆನ್ ಅಂಗಡಿಯಲ್ಲಿ ಸಿದ್ಧ ಮೊಹರುಗಳು ಸಾಲಾಗಿ ತೂಗುತ್ತಿರುತ್ತವೆ, ಆದರೆ ಎಲ್ಲವೂ ಜಪಾನಿನ ಮನೆತನಗಳ ಹೆಸರು. ಅವಳು ಸಂಜೆಯೇ ರೈಲು ನಿಲ್ದಾಣದ ಬಳಿಯ ಮೊಹರಿನ ಅಂಗಡಿಗೆ ಹೋಗಿ, ಮಾರನೆಯ ಬೆಳಿಗ್ಗೆ ತನ್ನ ಹೆಸರಿನದೇ ಒಂದನ್ನು ಕೆತ್ತಿಸಿ ತಂದಳು. ಮನೆ ಬಾಡಿಗೆ ಗಂಡನ ಹೆಸರಲ್ಲಿ, ಫೋನು ಗಂಡನ ಹೆಸರಲ್ಲಿ. ಈ ದೇಶದಲ್ಲಿ ಅವಳ ಒಬ್ಬಳದೇ ಹೆಸರಿದ್ದ ಮೊದಲ ವಸ್ತು ಅದು. ಮಂಗಳವಾರ ಪಾಠಕ್ಕೂ ಮೊದಲೇ ಭವನಕ್ಕೆ ಬಂದು ನಾವೆಲ್ಲ ಸಾಲಾಗಿ ಕೂತು ಗೆರೆ ಎಳೆದೆವು, ಮೊಹರು ಒತ್ತಿದೆವು. ಅವಳು ಒತ್ತಿದ ಪ್ರತಿ ಸಲವೂ ಚೀಟಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. "ಬೇಗ ಒತ್ತಮ್ಮಾ, ಮದುವೆ ಕಾಗದ ಅಲ್ಲ ಅದು" ಎಂದು ನಾನು ಗದರಿದೆ.

ನಗರಸಭೆಯಿಂದ ಬಂದವರು ಕಪ್ಪು ಕೋಟಿನ ಒಬ್ಬ ತರುಣ. ಚೀಟಿಗಳ ಮೇಲಿನ ಕೆಂಪು ಮೊಹರುಗಳ ಸಾಲನ್ನು ನೋಡಿ ಮೊದಲು ಗಾಬರಿಯಾದರು. ಆಮೇಲೆ ಕೂತು ಒಂದೊಂದನ್ನೂ ಓದಿದರು. ಜ್ವರದ ಪುಸ್ತಕದ ಪ್ರತಿಯನ್ನು ಪಕ್ಕದಲ್ಲಿಟ್ಟು ತಾರೀಕು ಹೊಂದಿಸಿದರು. ಕೊನೆಗೆ ಕೇಳಿದರು: "ತಿದ್ದುಪಡಿಗಳು ಸರಿಯಾಗಿವೆ. ಆದರೆ ಇಷ್ಟು ಜನ ಇಷ್ಟು ತಿಂಗಳು ಏನೂ ಇಲ್ಲ ಎಂದು ಬರೆದದ್ದು ಯಾಕೆ? ನಾನು ಮೇಲಿನವರಿಗೆ ಏನಾದರೂ ಹೇಳಬೇಕಲ್ಲ."

ಕಿಟಕಿ-ಸಾನ್, ಭಾಷೆ ಸರಿಯಾಗಿ ಅರ್ಥವಾಗಿರಲಿಲ್ಲ ಎಂದು ಹೇಳಿ ನಮ್ಮನ್ನು ಕಾಪಾಡಲು ಹೊರಟರು. ಅದು ಸುಲಭದ ದಾರಿ. ಆದರೆ ಆ ಮಾತು ಬರೆದುಕೊಂಡರೆ, ಚೀಟಿ ಕಷ್ಟವಾಗಿದೆ ಎಂದು ಚೀಟಿಯನ್ನು ಬದಲಾಯಿಸುತ್ತಾರೆ ಅಷ್ಟೆ, ಮೇಜು ಉಳಿಯುವುದಿಲ್ಲ. ನಾನು ಎದ್ದು ನಿಂತೆ.

"ಚೀಟಿ ಅರ್ಥವಾಗಿತ್ತು" ಎಂದೆ. "ನನಗೆ ನಾಚಿಕೆಯಾಗಿತ್ತು. ನೆರವು ಪಡೆದೆ ಎಂದು ಬರೆಯಲು ನಾಚಿಕೆ. ಬೇರೆಯವರಿಗೂ ಬರೆಯಬೇಡಿ ಎಂದೆ. ಈ ಮೇಜು ಇಲ್ಲದಿದ್ದರೆ ನನ್ನ ಮನೆಗೆ ಬಂದ ಕಾಗದಗಳನ್ನು ನನ್ನ ಮಗಳು ಓದಬೇಕಿತ್ತು. ಅವಳಿಗೆ ಅದು ಓದಲು ಬರುತ್ತಿರಲಿಲ್ಲ."

ಅವರು ಪೆನ್ನು ಕೈಗೆ ತೆಗೆದುಕೊಂಡು, "ಇದನ್ನು ನಿಮ್ಮ ಹೆಸರಿನೊಂದಿಗೆ ಬರೆದುಕೊಳ್ಳಬಹುದೇ?" ಎಂದರು.

"ಬರೆದುಕೊಳ್ಳಿ" ಎಂದೆ. ಹೆಸರನ್ನು ಹೇಗೆ ಬರೆಯಬೇಕೆಂದೂ ಹೇಳಿದೆ, ಮೊದಲನೆಯ ಅಕ್ಷರವನ್ನು ಎಲ್ಲರೂ ತಪ್ಪು ಬರೆಯುತ್ತಾರೆ.

ಮಾರ್ಚಿನ ಮಧ್ಯದಲ್ಲಿ ಮಧ್ಯಾಹ್ನದ ಡಬ್ಬಿಗಳ ಗಡಿಬಿಡಿಯಲ್ಲಿರುವಾಗ ಮೈಸೂರಿನ ಹುಡುಗಿಯ ಫೋನು ಬಂತು. ಮಕ್ಕಳ ಕೋಣೆಯ ಬಾಗಿಲಿಗೆ ಅಂಟಿಸಿದ್ದ ಪ್ರಕಟಣೆಯನ್ನು ಅವಳು ತಾನೇ ಓದಿದ್ದಳು.

"ಅಣ್ಣಾ, ರೂಮು ಉಳೀತು. ಎರಡೂ ದಿನ."

"ಮೇಜು?"

"ಕಿಟಕಿ-ಸಾನ್ ಮಂಗಳವಾರ ಮಾತ್ರ ಅಂತೆ. ಗುರುವಾರ ಇಲ್ಲ."

ಅರ್ಧ ಹೋಯಿತಲ್ಲ ಎಂದು ಒಂದು ಕ್ಷಣ ಅನ್ನಿಸಿತು. ಆದರೆ ಅವಳು ಆ ಕಡೆಯಿಂದ ಮಗುವಿಗೆ ಏನನ್ನೋ ಹೇಳಿ ನಗುತ್ತಿದ್ದುದು ಕೇಳಿ, "ಸಾಕು ಬಿಡಮ್ಮ, ಉಳಿದದ್ದು ಉಳೀತು" ಎಂದೆ. ತಂದೂರ್ ಒಲೆಯಲ್ಲಿದ್ದ ಎರಡು ನಾನ್ ಅಂಚು ಕಪ್ಪಾಗಿದ್ದವು. ಅವನ್ನು ನಾನೇ ತಿಂದೆ.

ಈಗ ಗುರುವಾರ ಬಾಗಿಲ ಬಳಿಯ ಮೇಜು ಮಡಿಸಿ ಗೋಡೆಗೆ ಒರಗಿಸಿರುತ್ತಾರೆ. ಕಾಗದ ಬಂದರೆ ಮಂಗಳವಾರದವರೆಗೆ ಕಾಯುತ್ತೇವೆ. ಅವಸರದ್ದಾದರೆ ಮೈಸೂರಿನ ಹುಡುಗಿಯ ಮುಂದೆ ಹಿಡಿಯುತ್ತೇವೆ, ಅವಳು ನಮ್ಮೆಲ್ಲರಿಗಿಂತ ಮುಂದೆ ಹೋಗಿಬಿಟ್ಟಿದ್ದಾಳೆ. ಮೊನ್ನೆ ನನ್ನ ಗ್ಯಾಸ್ ಕಂಪನಿಯ ಕಾಗದ ಓದಿ ಹೇಳಿ, "ಇದಕ್ಕೆ ಯಾವ ಸಾಲಿಗೆ ಸುತ್ತು ಹಾಕ್ತೀರಾ ಅಣ್ಣಾ? ನನ್ನ ಹೆಸರು ಚೀಟೀಲಿ ಬರಬೇಕು ಈಗ" ಎಂದು ಕಾಡಿಸಿದಳು.

"ಬರೆಯೋಣ. ಕಿಟಕಿ-ಸಾನ್‌ನ ಕೇಳಿ ಬರೆಯೋಣ" ಎಂದೆ.

ಮಂಗಳವಾರ ಕೇಳಿದೆ. ನಾನು ತಮಾಷೆಗೆ ಕೇಳಿದ್ದು. ಕಿಟಕಿ-ಸಾನ್ ನಗಲಿಲ್ಲ. ಚೀಟಿಯನ್ನು ಮೇಲಿಂದ ಕೆಳಗೆ ಓದಿ, ಕಲಿಯುವವರು ಒಬ್ಬರಿಗೊಬ್ಬರು ಮಾಡಿದ ನೆರವಿಗೆ ಸಾಲು ಇಲ್ಲದಿರುವುದನ್ನು ಗಮನಿಸಿ, ನಗರಸಭೆಗೆ ಬರೆದು ಕೇಳುತ್ತೇನೆ ಎಂದರು. ಉತ್ತರ ಇನ್ನೂ ಬಂದಿಲ್ಲ.